ಕೇಸ್ ಶೀಟ್ ಕೈಗೆ ಬಂತು, ದೂರೂ ದಾಖಲಾಯ್ತು

ಅಮ್ಮನ ಪಿತ್ತಕೋಶದ ಆಪರೇಷನ್ ಆದ ಮೇಲೆ ಹೊಲಿಗೆ ಹಾಕಿದ ಜಾಗದಲ್ಲಿ ಕೀವು ನಿಲ್ಲಲೇ ಇಲ್ಲ. ಹಾಸನದ ಆ ಖಾಸಗಿ ಆಸ್ಪತ್ರೆಯಲ್ಲಿ ಕೇಸ್ ಶೀಟ್ ಕೇಳಿದರೆ "ನಾಳೆ ಬನ್ನಿ ಸರ್" ಅನ್ನೋದೇ ಆಯ್ತು. ಕೊನೆಗೆ ಅರ್ಜಿ ಬರೆದುಕೊಟ್ಟು, ನನ್ನ ಪ್ರತಿಗೆ ಸೀಲು ಹಾಕಿಸಿಕೊಂಡೆ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅನ್ನುತ್ತೆ 2002ರ ವೈದ್ಯಕೀಯ ನೀತಿ ನಿಯಮ; ಅದನ್ನೂ ಅರ್ಜಿಯಲ್ಲೇ ಬರೆದಿದ್ದೆ. ಜೆರಾಕ್ಸ್ ಕಟ್ಟು ಬಂತು. ನರ್ಸ್ ಚಾರ್ಟಿನಲ್ಲಿ ಜ್ವರ 102, ಅದೇ ದಿನ ಡಿಸ್ಚಾರ್ಜ್!

ಗುಣ ಆಗಲಿಲ್ಲ ಅಂದಮಾತ್ರಕ್ಕೆ ಅದು ನಿರ್ಲಕ್ಷ್ಯ ಆಗಲ್ಲ. ಮಾಡಬೇಕಾದ್ದು ಮಾಡಲಿಲ್ಲ, ಅದರಿಂದಲೇ ತೊಂದರೆ ಆಯ್ತು ಅಂತ ತೋರಿಸಬೇಕು. ಅದಕ್ಕೇ ಬೇರೆ ಸರ್ಜನ್ ಹತ್ತಿರ ಅಭಿಪ್ರಾಯ ಬರೆಸಿಕೊಂಡೆವು (ಬರೆದುಕೊಡೋರು ಸಿಗೋದೇ ಕಷ್ಟ). ದೂರು ಜಿಲ್ಲಾ ಗ್ರಾಹಕ ಆಯೋಗಕ್ಕೆ, ಗಡುವು 2 ವರ್ಷ. ಕಟ್ಟಿದ ಬಿಲ್ಲು 5 ಲಕ್ಷದೊಳಗೆ ಇದ್ದದ್ದರಿಂದ ಶುಲ್ಕವನ್ನೇ ಕೇಳಲಿಲ್ಲ.