ಮಾತ್ರೆಯಿಂದ್ಲೇ ಆಟೋಇಮ್ಯೂನ್ ತೊಂದ್ರೆ ಆಗಿದ್ಯಾ? ಪತ್ತೆ ಹಚ್ಚೋದು ಹೀಗೆ

ಕೀಲುನೋವು ಶುರುವಾದ್ರೆ ವಯಸ್ಸಾಯ್ತು, ಚಳಿ ಜಾಸ್ತಿ, ಕೆಲಸದ ಸುಸ್ತು ಅಂತ ನೂರು ಕಾರಣ ಹುಡುಕ್ತೀವಿ, ದಿನಾ ನುಂಗ್ತಿರೋ ಮಾತ್ರೆ ಕಡೆ ಮಾತ್ರ ತಿರುಗಿ ನೋಡಲ್ಲ. ಕೆಲವು ಔಷಧಿಗಳು ನಮ್ಮ ರೋಗನಿರೋಧಕ ಶಕ್ತಿಯನ್ನ ನಮ್ಮ ಮೇಲೇ ಎತ್ತಿಕಟ್ಟುತ್ವೆ, ಇದನ್ನೇ ಆಟೋಇಮ್ಯೂನ್ ತೊಂದ್ರೆ ಅನ್ನೋದು. ಎಲ್ಲರಿಗೂ ಆಗಲ್ಲ, ಅಪರೂಪಾನೇ, ಆದ್ರೆ ಬೇಗ ಗೊತ್ತಾದ್ರೆ ಎಷ್ಟೋ ಜನಕ್ಕೆ ಮಾತ್ರೆ ಬದಲಿಸಿದ್ರೇ ಸರಿಹೋಗತ್ತೆ.

ಇದು ಮಾಮೂಲಿ ಅಲರ್ಜಿ ಥರ ಅಲ್ಲ. ಅಲರ್ಜಿ ಸಾಮಾನ್ಯವಾಗಿ ಬೇಗ ಕಾಣಿಸ್ಕೊಳತ್ತೆ, ಇದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮಾತ್ರೆ ತಗೊಂಡ ಮೇಲೆ ಬರತ್ತೆ, ಅದಕ್ಕೇ ಯಾರಿಗೂ ಅನುಮಾನ ಬರಲ್ಲ.

ಹಾಗಾಗಿ ಮೊದಲ ಕೆಲಸ, ಪಟ್ಟಿ ಮಾಡೋದು. ಈಗಿನ ಮಾತ್ರೆ, ಇತ್ತೀಚೆಗೆ ಬಿಟ್ಟಿದ್ದು, ಇಂಜೆಕ್ಷನ್, ಮೊಡವೆಗೆ ತಗೊಂಡಿದ್ದು ಎಲ್ಲಾ ಬರೀರಿ, ಯಾಕಂದ್ರೆ ಮೊಡವೆಗೆ ಕೊಡೋ ಮಿನೋಸೈಕ್ಲಿನ್ ಕೂಡ ಲೂಪಸ್ (ರೋಗನಿರೋಧಕ ಶಕ್ತಿ ನಮ್ಮ ಕೀಲು, ಚರ್ಮ, ಒಳಾಂಗಗಳ ಮೇಲೇ ದಾಳಿ ಮಾಡೋ ಕಾಯಿಲೆ) ಥರದ ತೊಂದ್ರೆ ತರಬಹುದು. ಬಿಪಿಯ ಹೈಡ್ರಲಜೀನ್, ಹೃದಯ ಬಡಿತದ ಪ್ರೊಕೈನಮೈಡ್, ಟಿಬಿಯ ಐಸೋನಿಯಾಜಿಡ್ ಇವು ಲೂಪಸ್ ಥರದ ತೊಂದ್ರೆ ತರೋದಕ್ಕೆ ಮೊದಲಿಂದಲೂ ಹೆಸರಾದ ಔಷಧಿಗಳು. ಈ ಮೂರನ್ನೂ ಕೆಲವರ ಲಿವರ್ ನಿಧಾನವಾಗಿ ಕರಗಿಸತ್ತೆ, ಅದು ಹುಟ್ಟಿನಿಂದ ಬಂದಿದ್ದು, ಹೈಡ್ರಲಜೀನ್, ಪ್ರೊಕೈನಮೈಡ್ ತಗೊಳ್ಳುವಾಗ ಅಂಥವರಿಗೆ ಲೂಪಸ್ ಅಪಾಯ ಜಾಸ್ತಿ.

ಪ್ರತಿ ಹೆಸರಿನ ಮುಂದೆ ಶುರುಮಾಡಿದ ತಾರೀಖು, ಡೋಸ್ ಏರಿಸಿದ ತಾರೀಖು, ಪಕ್ಕದಲ್ಲಿ ತೊಂದ್ರೆ ಶುರುವಾಗಿದ್ದು ಯಾವಾಗ ಅಂತ ಬರೀರಿ. ನನ್ನ ಪ್ರಕಾರ ಡಾಕ್ಟ್ರಿಗೆ ನೀವು ಕೊಡಬಹುದಾದ ಅತಿ ದೊಡ್ಡ ಸಹಾಯ ಈ ಒಂದು ಹಾಳೆ, ಬ್ಲಡ್ ಟೆಸ್ಟ್‌ಗಿಂತ ಮೊದಲು ದಾರಿ ತೋರಿಸೋದು ಇದೇ.

ಲಕ್ಷಣನೂ ಸರಿಯಾಗಿ ಹೇಳಿ. ಲೂಪಸ್ ಥರದ್ದಾದ್ರೆ ಕೀಲು-ಸ್ನಾಯು ನೋವು, ಸಣ್ಣ ಜ್ವರ, ಜೋರಾಗಿ ಉಸಿರೆಳೆದ್ರೆ ಎದೆ ಚುಚ್ಚೋದು. ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್ ತಗೊಳ್ಳೋರಿಗೆ ಕುರ್ಚಿಯಿಂದ ಏಳೋಕೆ, ಕೈಯೆತ್ತಿ ತಲೆ ಬಾಚೋಕೆ ಆಗ್ತಿಲ್ಲ ಅಂದ್ರೆ ಅದು ಬರೀ ನೋವಲ್ಲ, ಸ್ನಾಯು ಶಕ್ತಿನೇ ಕಮ್ಮಿಯಾಗ್ತಿದೆ, ಕೂಡ್ಲೇ ಹೇಳ್ಬೇಕು. ಕಣ್ಣು ಹಳದಿ ಆದ್ರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದ್ರೆ, ಉಸಿರು ಕಟ್ಟಿದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಬ್ಲಡ್ ಟೆಸ್ಟ್‌ನಲ್ಲಿ ಎಎನ್ಎ, ಆಂಟಿ-ಹಿಸ್ಟೋನ್ ಅನ್ನೋ ಆಂಟಿಬಾಡಿಗಳು, ಅಂದ್ರೆ ನಮ್ಮ ಜೀವಕೋಶಗಳ ಭಾಗಗಳ ವಿರುದ್ಧವೇ ದೇಹ ತಯಾರಿಸಿದ ಪ್ರೋಟೀನ್‌ಗಳು, ಇವೆಯಾ ಅಂತ ನೋಡ್ತಾರೆ. ಎಎನ್ಎ ಪಾಸಿಟಿವ್ ಬಂತು ಅಂತ ಗಾಬರಿ ಬೇಡ, ಈ ಮಾತ್ರೆ ತಗೊಳ್ಳೋ ಎಷ್ಟೋ ಜನಕ್ಕೆ ಯಾವ ಲಕ್ಷಣನೂ ಇಲ್ದೇ ಪಾಸಿಟಿವ್ ಇರತ್ತೆ.

ಮುಖ್ಯವಾದ ಮಾತು, ದಯವಿಟ್ಟು ನೀವಾಗೇ ಮಾತ್ರೆ ನಿಲ್ಲಿಸ್ಬೇಡಿ. ಟಿಬಿ ಔಷಧಿ ಅರ್ಧಕ್ಕೆ ಬಿಟ್ರೆ ರೋಗ ಔಷಧಿಗೇ ಬಗ್ಗದ ಹಾಗಾಗಬಹುದು, ಬಿಪಿಯದು ಬಿಟ್ರೆ ಬಿಪಿ ಏರತ್ತೆ. ಬದಲಿ ಮಾತ್ರೆ ಕೊಟ್ಟು ನಿಲ್ಲಿಸೋದು ಡಾಕ್ಟ್ರ ಕೆಲಸ.

ನಿಲ್ಲಿಸಿದ ಮೇಲೆ ಲೂಪಸ್ ಥರದ್ದು ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ಇಳಿಯತ್ತೆ, ರಿಪೋರ್ಟ್‌ನಲ್ಲಿ ಆಂಟಿಬಾಡಿ ಇನ್ನೂ ಜಾಸ್ತಿ ದಿನ ಉಳೀಬಹುದು. ಎಲ್ಲವೂ ಹೀಗೆ ಸುಲಭವಾಗಿ ಹೋಗಲ್ಲ. ಸ್ಟ್ಯಾಟಿನ್‌ನಿಂದ ಬರೋ ಆಟೋಇಮ್ಯೂನ್ ಸ್ನಾಯು ಕಾಯಿಲೆ ಮಾತ್ರೆ ಬಿಟ್ಟರೂ ಮುಂದುವರಿಯಬಹುದು, ಅದಕ್ಕೆ ಬೇರೆ ಟ್ರೀಟ್ಮೆಂಟ್ ಬೇಕು, ಕ್ಯಾನ್ಸರ್‌ನ ಇಮ್ಯೂನೋಥೆರಪಿಯಿಂದ (ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಹುರಿದುಂಬಿಸೋ ಔಷಧಿ) ಡಯಾಬಿಟೀಸ್ ಬಂದ್ರೆ ಸಾಮಾನ್ಯವಾಗಿ ಜೀವನಪೂರ್ತಿ ಇನ್ಸುಲಿನ್ ಬೇಕಾಗತ್ತೆ.

ವಾಸಿಯಾದ ಮೇಲೆ ಆ ಔಷಧಿಯ ಹೆಸರನ್ನ, ಬ್ರ್ಯಾಂಡ್ ಅಲ್ಲ ಒಳಗಿರೋ ಔಷಧಿಯ ಹೆಸರನ್ನ, ಫೈಲಿನ ಮೇಲೆ ದೊಡ್ಡದಾಗಿ ಬರೆದಿಡಿ, ಇನ್ನೊಬ್ಬ ಡಾಕ್ಟ್ರು ಗೊತ್ತಿಲ್ದೇ ಅದನ್ನೇ ಮತ್ತೆ ಬರೆದುಕೊಡಬಾರದು.