ಮಾಮಾಕ್ ಅಂಗಡಿಯಲ್ಲಿ ಕೇಳಿ ತಿನ್ನುವುದು, ಮಲೆನಾಡಿನ ಒಲೆಯಲ್ಲಿ ಮಾಡಿ ತಿನ್ನುವುದು

ಮಲೇಷ್ಯಾಕ್ಕೆ ಹೊರಟವರ ಚೀಲದಲ್ಲಿ ಚಟ್ನಿಪುಡಿ, ಅವಲಕ್ಕಿ, ಉಪ್ಪಿನಕಾಯಿ ಇರುವುದು ಮಾಮೂಲು. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯವರಿಗೆ ಅಷ್ಟು ಹೊರೆ ಬೇಕಿಲ್ಲ. ತೆಂಗಿನಹಾಲು, ಕಳಲೆ, ಒಂದೆಲಗ, ಹಲಸು, ಬೆಲ್ಲ ತೆಂಗಿನತುರಿಯ ಜೊತೆ ತಿನ್ನುವ ಒತ್ತುಶ್ಯಾವಿಗೆ, ಎಲ್ಲವೂ ಅಲ್ಲಿನ ಊಟದಲ್ಲಿವೆ. ಅಲ್ಲಿ ಎಡವುವುದು ಕೇಳುವ ಮಾತು ಗೊತ್ತಿಲ್ಲದೆ. ಊರಿಗೆ ಬಂದು ಮಾಡುವಾಗ ಕೆಡುವುದು ಬಹುಪಾಲು ಆತುರದಿಂದ.

ಹೋಟೆಲಿನಲ್ಲಿ

ಮೊದಲು ಹೊಕ್ಕಬೇಕಾದದ್ದು ಮಾಮಾಕ್ ಅಂಗಡಿ. ತಮಿಳು ಮುಸ್ಲಿಮರು ನಡೆಸುವ ಹೋಟೆಲಿದು, ಹಲವು ಕಡೆ 24 ಗಂಟೆಯೂ ತೆರೆದಿರುತ್ತದೆ. ಖಾಲಿ ಕುರ್ಚಿ ಕಂಡಲ್ಲಿ ಕೂತುಬಿಡಿ. ಕೆಲಸದವರನ್ನು ‘ಬಾಸ್’ ಎಂದೋ ‘ಅಣ್ಣೆ’ ಎಂದೋ ಕರೆಯುತ್ತಾರೆ. ಎರಡನೆಯದು ತಮಿಳಿನ ಅಣ್ಣನೇ. ತಿಂದು ಮುಗಿದ ಮೇಲೆ ‘ಕಿರಾ’ ಎಂದರೆ ಲೆಕ್ಕ ಹೇಳುತ್ತಾರೆ, ದುಡ್ಡು ಗಲ್ಲಾದಲ್ಲಿ ಕೊಡುವುದು. ಕಟ್ಟಿಸಿಕೊಂಡು ಹೋಗಬೇಕಿದ್ದರೆ ‘ಬುಂಗ್ಕುಸ್’ ಅಥವಾ ‘ತಪಾವ್’.

ರೋಟಿ ಚನಾಯ್ ಎಂಬುದು ನಮ್ಮ ಪರೋಟದ ಹತ್ತಿರದ ನೆಂಟ. ಬರಿಯದು ಬೇಕಾದರೆ ‘ರೋಟಿ ಕೋಸೊಂಗ್’, ಮೊಟ್ಟೆಯದು ‘ತೆಲೂರ್’, ಈರುಳ್ಳಿಯದು ‘ಬಾವಾಂಗ್’, ಬಾಳೆಹಣ್ಣಿನದು ‘ಪಿಸಾಂಗ್’. ಸಸ್ಯಾಹಾರಿಗಳು ಇಲ್ಲೇ ಸಿಕ್ಕಿಬೀಳುತ್ತಾರೆ: ದಾಲ್ ಜೊತೆಗೆ ಮೀನಿನ ಅಥವಾ ಕೋಳಿಯ ಸಾರನ್ನೂ ಅದೇ ತಟ್ಟೆಗೆ ಸುರಿದು ತಂದಿಡುವುದುಂಟು. ರೋಟಿ ಹೇಳುವಾಗಲೇ ‘ದಾಲ್ ಸಾಜಾ’ ಎನ್ನಿ, ದಾಲ್ ಮಾತ್ರ ಎಂದರ್ಥ. ತಟ್ಟೆ ಬಂದ ಮೇಲೆ ಹೇಳಿ ಫಲವಿಲ್ಲ. ಕೆಲವು ಕಡೆ ಹಿಟ್ಟಿಗೇ ಮೊಟ್ಟೆ ಹಾಕುತ್ತಾರೆ, ಕಟ್ಟುನಿಟ್ಟಿನವರು ಅದನ್ನೂ ಕೇಳಿಕೊಳ್ಳಬೇಕು.

ಚಹಾದ ಲೆಕ್ಕ ಒಂದು ಸಲ ತಲೆಗೆ ಹತ್ತಿದರೆ ಸಾಕು. ಬರೀ ‘ತೇ’ ಎಂದರೆ ಕಂಡೆನ್ಸ್ಡ್ ಮಿಲ್ಕ್ ಹಾಕಿದ್ದು, ಸಕ್ಕರೆ ಬೇರೆ ಹಾಕದಿದ್ದರೂ ಗಂಟಲು ಕಟ್ಟುವಷ್ಟು ಸಿಹಿ. ‘ತೇ ಓ’ ಹಾಲಿಲ್ಲದ, ಸಕ್ಕರೆ ಹಾಕಿದ ಚಹಾ. ‘ತೇ ಸಿ’ ಗಟ್ಟಿಗೊಳಿಸಿದ ಸಿಹಿಯಿಲ್ಲದ ಹಾಲಿನದು. ‘ತೇ ಓ ಕೋಸೊಂಗ್’ ಎಂದರೆ ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ರೋಟಿಗೆ ಹೇಳಿದ ಅದೇ ಕೋಸೊಂಗ್, ಖಾಲಿ ಎಂದು. ಸಿಹಿ ಕಡಿಮೆ ಇರಲಿ ಎನ್ನಲು ‘ಕುರಾಂಗ್ ಮಾನಿಸ್’. ಬಿಸಿ ಬೇಕಾದರೆ ‘ಪಾನಾಸ್’ ಎನ್ನಿ, ‘ಐಸ್’ ಎಂದರೆ ಮಂಜುಗಡ್ಡೆ ತುಂಬಿದ ಲೋಟ. ಕಾಫಿಗೂ ಇದೇ ಬಾಲಗಳು: ಕೋಪಿ, ಕೋಪಿ ಓ, ಕೋಪಿ ಸಿ. ಚೀನೀಯರ ಕಾಫಿ ಅಂಗಡಿಗಳಾದ ಕೋಪಿತಿಯಾಮ್‌ಗಳಲ್ಲಿ ಕಾಫಿಬೀಜವನ್ನು ಸಕ್ಕರೆ, ಮಾರ್ಗರೀನ್ ಜೊತೆ ಕಪ್ಪಗೆ ಹುರಿದಿರುತ್ತಾರೆ. ಚಿಕ್ಕಮಗಳೂರು ಫಿಲ್ಟರ್ ನೆನೆಸಿಕೊಂಡು ಕುಡಿದರೆ ಬೇಸರವಾಗುತ್ತದೆ, ಬೇರೆಯದೇ ಪಾನೀಯ ಎಂದುಕೊಂಡು ಕುಡಿಯಿರಿ.

‘ನಾಸಿ ಚಾಂಪುರ್’ ಎಂಬಲ್ಲಿ ಅನ್ನದ ತಟ್ಟೆ ಹಿಡಿದು ಬೇಕಾದ್ದನ್ನು ನೀವೇ ಬಡಿಸಿಕೊಳ್ಳಬೇಕು. ಅಂಗಡಿಯವರು ತಟ್ಟೆ ನೋಡಿ ಬೆಲೆ ಹೇಳುತ್ತಾರೆ. ಮೀನು, ಸೀಗಡಿ ಬಿದ್ದರೆ ಬೆಲೆ ಏರುತ್ತದೆ, ಆದ್ದರಿಂದ ತಿನ್ನುವ ಮೊದಲೇ ತಟ್ಟೆ ತೋರಿಸಿ ‘ಬೆರಾಪಾ’ ಎಂದು ಕೇಳಿ. ಪೆನಾಂಗ್‌ನ ಹೆಸರುವಾಸಿ ನಾಸಿ ಕಾಂದಾರ್‌ನಲ್ಲಿ ನಾಲ್ಕಾರು ಮಾಂಸದ ಸಾರುಗಳನ್ನು ಒಟ್ಟಿಗೆ ಅನ್ನದ ಮೇಲೆ ಹರಿಸುವುದೇ ಸೊಗಸು, ಅದು ಸಸ್ಯಾಹಾರಿಗಳ ಜಾಗವಲ್ಲ. ಮಾಂಸ ತಿಂದರೂ ದನದ್ದು ಬೇಡ ಎನ್ನುವವರು ‘ದಾಗಿಂಗ್’ ಪದ ನೆನಪಿಡಿ. ಬರೀ ಮಾಂಸ ಎಂಬ ಅರ್ಥವಿದ್ದರೂ ಹೋಟೆಲಿನಲ್ಲಿ ಸಾಮಾನ್ಯವಾಗಿ ದನದ್ದೇ. ಕೋಳಿ ‘ಆಯಾಮ್’, ಮೀನು ‘ಇಕಾನ್’, ಸೀಗಡಿ ‘ಉದಾಂಗ್’.

ಸೊಪ್ಪಿನ ಪಲ್ಯ ಕಂಡು ನಂಬಿಬಿಡಬೇಡಿ. ‘ಬೆಲಾಚಾನ್’ ಎಂಬ ಹುದುಗಿಸಿದ ಸೀಗಡಿ ಮುದ್ದೆ ಅಲ್ಲಿನ ಒಗ್ಗರಣೆಯಷ್ಟೇ ಸಹಜ, ಕಣ್ಣಿಗೆ ಕಾಣುವುದೂ ಇಲ್ಲ. ಶುದ್ಧ ಸಸ್ಯಾಹಾರ ಬೇಕಾದರೆ ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಂಥ ಕಡೆ ಬಾಳೆಎಲೆ ಊಟದ ಸಸ್ಯಾಹಾರಿ ಹೋಟೆಲುಗಳಿವೆ, ಅನ್ನ, ಪಲ್ಯ, ಹಪ್ಪಳ, ರಸಂ ಎಲ್ಲ ಪರಿಚಿತವೇ. ಬೌದ್ಧ ಚೀನೀಯರ ಸಸ್ಯಾಹಾರಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಅಲ್ಲಿ ಕೋಳಿಯಂತೆ ಕಾಣುವುದೆಲ್ಲ ಸೋಯಾ ಅಥವಾ ಗೋಧಿಯ ಅಂಟಿನದು.

ಮನೆಯಲ್ಲಿ: ನಾಸಿ ಲೆಮಾಕ್

ತೆಂಗಿನಹಾಲಿನ ಅನ್ನ, ಸಂಬಾಲ್ ಎಂಬ ಕೆಂಪು ಮೆಣಸಿನ ಗೊಜ್ಜು, ಹುರಿದ ಶೇಂಗಾ, ಸೌತೆಕಾಯಿ, ಬೇಯಿಸಿದ ಮೊಟ್ಟೆ, ಕರಿದ ಒಣ ಸಣ್ಣಮೀನು. ಇದರಲ್ಲಿ ಕಷ್ಟದ್ದು ಮೊದಲೆರಡೇ.

ಅಕ್ಕಿ ಹಳೆಯದಿರಲಿ. ಸೋನಾಮಸೂರಿ ಸಾಕು, ಜೀರಿಗೆ ಸಣ್ಣ ಸಿಕ್ಕರೆ ಇನ್ನೂ ಪರಿಮಳ. ಕುಸುಬಲಕ್ಕಿ ಬೇಡ. ಅನ್ನಕ್ಕೆ ಹಾಕುವ ಪಂದನ್ ಎಲೆ ಕೇದಗೆಯ ಕುಲದ್ದೇ, ಹಾಗೆಂದು ಹಳ್ಳದ ದಂಡೆಯ ಮುಳ್ಳುಕೇದಗೆ ಎಲೆ ಕಿತ್ತು ಹಾಕಿದರೆ ಏನೂ ಬರುವುದಿಲ್ಲ, ಅದರ ಪರಿಮಳ ಹೂವಿನಲ್ಲಿರುವುದು. ಪಂದನ್ ಗಿಡವನ್ನು ನರ್ಸರಿಯಲ್ಲಿ ಬಾಸುಮತಿ ಎಲೆ ಎಂದು ಕೇಳಿ ನೋಡಿ. ಆ ಹೆಸರು ಸುಮ್ಮನೆ ಬಂದದ್ದಲ್ಲ: ಬಾಸುಮತಿ ಅಕ್ಕಿಗೂ ಈ ಎಲೆಗೂ ಘಮ ಕೊಡುವ ಅಂಶ ಒಂದೇ, 2-ಅಸಿಟೈಲ್-1-ಪೈರೋಲಿನ್. ನೆರಳು, ತೇವ ಇದ್ದರೆ ಬಚ್ಚಲ ನೀರು ಹೋಗುವಲ್ಲೂ ಬರುತ್ತದೆ.

ಕುಕ್ಕರಿನಲ್ಲಿ ಮಾಡಬೇಡಿ. ಒತ್ತಡದಲ್ಲಿ ತೆಂಗಿನಹಾಲು ಒಡೆದು ಎಣ್ಣೆ ಮೇಲೆ, ಗಷ್ಟು ತಳದಲ್ಲಿ ಕೂರುತ್ತದೆ, ತಳ ಹಿಡಿಯುತ್ತದೆ. ಮಲಯರ ಹಳೆಯ ಕ್ರಮವೂ ಹಬೆಯದೇ, ಅದಕ್ಕೆ ನಮ್ಮ ಕಡುಬಿನ ಪಾತ್ರೆ ಹೇಳಿಮಾಡಿಸಿದಂತಿದೆ. 2 ಲೋಟ ಅಕ್ಕಿಯನ್ನು ತೊಳೆದು ಅರ್ಧ ಗಂಟೆ ನೆನೆಸಿ, ಬಸಿಯಿರಿ. ಒಂದು ದೊಡ್ಡ ಕಾಯಿ ತುರಿದು ಅರ್ಧ ಲೋಟ ಗಟ್ಟಿ ಹಾಲು, ಆಮೇಲೆ ನೀರು ಹಾಕಿ ರುಬ್ಬಿ 2 ಲೋಟ ತೆಳು ಹಾಲು ತೆಗೆಯಿರಿ. ಅಕ್ಕಿ, ತೆಳು ಹಾಲು, 1 ಚಮಚ ಉಪ್ಪು, ಜಜ್ಜಿದ ಬೆರಳುದ್ದ ಶುಂಠಿ, ಗಂಟು ಕಟ್ಟಿದ 2 ಪಂದನ್ ಎಲೆ ಒಂದು ಪಾತ್ರೆಗೆ ಹಾಕಿ ಹಬೆಯಲ್ಲಿ 25 ನಿಮಿಷ ಇಡಿ. ಆಮೇಲೆ ಗಟ್ಟಿ ಹಾಲು ಚಿಮುಕಿಸಿ, ಸೌಟಿನ ಹಿಡಿಯಿಂದ ಹಗುರಾಗಿ ಕೆದಕಿ, ಮತ್ತೆ 10 ನಿಮಿಷ. ಗಟ್ಟಿ ಹಾಲನ್ನು ಮೊದಲೇ ಸುರಿದರೆ ಕೊಬ್ಬು ಅಕ್ಕಿಗೆ ಕವಚದಂತೆ ಮೆತ್ತಿ ಕಾಳು ಒಳಗೆ ಗಟ್ಟಿಯಾಗಿ ಉಳಿಯಬಹುದು. ಹೊಸ ಅಕ್ಕಿಯಾದರೆ ತೆಳು ಹಾಲಿನಲ್ಲಿ ಕಾಲು ಲೋಟ ಕಡಿಮೆ ಮಾಡಿ. ಮುಚ್ಚಳಕ್ಕೆ ಬಟ್ಟೆ ಸುತ್ತದಿದ್ದರೆ ಹಬೆನೀರು ತೊಟ್ಟಿಕ್ಕಿ ಮೇಲಿನ ಪದರ ಮುದ್ದೆಯಾಗುತ್ತದೆ.

ಸಂಬಾಲ್

ಬ್ಯಾಡಗಿ ಇರುವ ನಾಡಿನವರಿಗೆ ಇದರ ಬಣ್ಣದ ಚಿಂತೆಯೇ ಇಲ್ಲ. 20 ಬ್ಯಾಡಗಿ, ಖಾರಕ್ಕೆ 5 ಗುಂಟೂರು. ಕತ್ತರಿಯಿಂದ ತುಂಡು ಮಾಡಿ ಬೀಜ ಕೊಡವಿ, 10 ನಿಮಿಷ ಕುದಿಸಿ, ಆ ನೀರು ಚೆಲ್ಲಿಬಿಡಿ. ನೀರು ಉಳಿಸಿಕೊಂಡರೆ ಕೊನೆಗೆ ಒಂದು ಒಗರು ಕಹಿ ನಿಲ್ಲುತ್ತದೆ. ಮೆಣಸಿನ ಜೊತೆ 10 ಸಾಂಬಾರ್ ಈರುಳ್ಳಿ, 4 ಎಸಳು ಬೆಳ್ಳುಳ್ಳಿ, ಹುರಿದ ಒಣ ಸೀಗಡಿ 1 ದೊಡ್ಡ ಚಮಚ ಹಾಕಿ ನುಣ್ಣಗೆ ರುಬ್ಬಿ. ಬೆಲಾಚಾನ್ ತಂದಿದ್ದರೆ ಸೀಗಡಿಯ ಬದಲು ಅದೇ 1 ಸಣ್ಣ ಚಮಚ, ಕೆಂಡದ ಮೇಲೋ ಬಾಣಲೆಯಲ್ಲೋ ಸುಟ್ಟು ಹಾಕಿ. ಕಿಟಕಿ ತೆರೆದಿಡಿ, ಪಕ್ಕದ ಮನೆಯವರು ಕೇಳುತ್ತಾರೆ. ಎರಡೂ ಬೇಡದವರು ಬಿಟ್ಟುಬಿಟ್ಟು, ಕೊನೆಗೆ ಹಾಕುವ ದೊಡ್ಡ ಈರುಳ್ಳಿಯನ್ನು ಕಂದುಗಪ್ಪು ಆಗುವವರೆಗೆ ಹುರಿದರೆ ಆಳ ಸ್ವಲ್ಪಮಟ್ಟಿಗೆ ಬರುತ್ತದೆ.

ಬಾಣಲೆಗೆ ಅರ್ಧ ಲೋಟ ಎಣ್ಣೆ. ಇಷ್ಟೇಕೆ ಎಂದು ಕೈ ಹಿಡಿದರೆ ಸಂಬಾಲ್ ಬೇಯುವುದಿಲ್ಲ, ಸುಡುತ್ತದೆ. ರುಬ್ಬಿದ್ದನ್ನು ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿರಿ. ಮೊದಲು ಅದು ಕೊತಕೊತ ಎನ್ನುತ್ತ ಒಲೆಗೆಲ್ಲ ಸಿಡಿಯುತ್ತದೆ, ಬಣ್ಣ ಇಟ್ಟಿಗೆಯಂತೆ, ವಾಸನೆ ಹಸಿಹಸಿ. ಹತ್ತು ನಿಮಿಷಕ್ಕೆ ಎಣ್ಣೆ ಪೂರ್ತಿ ಮಾಯವಾಗಿ ಮುದ್ದೆಯಾಗುತ್ತದೆ. ಇಲ್ಲಿಯೇ ಹೆಚ್ಚಿನವರು ಎಣ್ಣೆ ಕಡಿಮೆಯಾಯಿತೆಂದೋ ನೀರು ಬೇಕೆಂದೋ ಸುರಿದು ಕೆಡಿಸುವುದು. ಏನನ್ನೂ ಹಾಕಬೇಡಿ. ಇಪ್ಪತ್ತೈದು ನಿಮಿಷದ ಹೊತ್ತಿಗೆ ಸದ್ದು ಸಣ್ಣಗಾಗಿ, ಅಂಚಿನಲ್ಲಿ ಕೆಂಪೆಣ್ಣೆ ತೆಳ್ಳಗೆ ಒಸರುತ್ತದೆ. ಸೌಟಿನಿಂದ ನಡುವೆ ಗೆರೆ ಎಳೆದರೆ ಆ ಗೆರೆಗೆ ಎಣ್ಣೆ ಇಳಿದು ಬರಬೇಕು. ಮಲಯ ಭಾಷೆಯಲ್ಲಿ ಇದಕ್ಕೆ ‘ಪೆಚಾಹ್ ಮಿನ್ಯಾಕ್’ ಎನ್ನುತ್ತಾರೆ, ಎಣ್ಣೆ ಒಡೆಯುವುದು. ಆಗ ಉದ್ದಕ್ಕೆ ಹೆಚ್ಚಿ ಹುರಿದಿಟ್ಟ 1 ದೊಡ್ಡ ಈರುಳ್ಳಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣಿನ ರಸ, 2 ದೊಡ್ಡ ಚಮಚ ಜೋನಿ ಬೆಲ್ಲ ಹಾಕಿ ಇನ್ನು 10 ನಿಮಿಷ. ಅಲ್ಲಿ ಹಾಕುವ ಗುಲಾ ಮೆಲಾಕಾ ತೆಂಗಿನ ಮರದ ಬೆಲ್ಲ; ಜೋನಿ ಬೆಲ್ಲ ಅದಕ್ಕಿಂತ ತುಸು ಉಪ್ಪುಪ್ಪು, ಉಪ್ಪನ್ನು ಕೊನೆಗೆ ರುಚಿ ನೋಡಿ 1 ಚಮಚದವರೆಗೆ ಹಾಕಿ. ಬೆಲ್ಲ ಮೊದಲೇ ಬಿದ್ದರೆ ತಳ ಹತ್ತಿ ಕಹಿಯಾಗುತ್ತದೆ. ಫ್ರಿಜ್‌ನಲ್ಲಿ ಎರಡು ವಾರ ಇರುತ್ತದೆ, ಒದ್ದೆ ಚಮಚ ಮಾತ್ರ ಹಾಕಬೇಡಿ.

ಉಳಿದವು, ಚುಟುಕಾಗಿ

ಪೆನಾಂಗ್‌ನ ಮೀನಿನ ಸಾರು ಅಸಾಮ್ ಲಕ್ಸಾಕ್ಕೆ ಹಾಕುವ ಒಣ ಹುಳಿ ‘ಅಸಾಮ್ ಕೆಪಿಂಗ್’ ನಮ್ಮ ಉಪ್ಪಾಗೆಯ ಕುಲದ್ದು. ಬಿಸಿಲಲ್ಲಿ ಒಣಗಿಸಿದ್ದನ್ನೇ ಹಾಕಿ. ಹೊಗೆ ಅಟ್ಟದ ಮೇಲಿನದನ್ನು ಹಾಕಿದರೆ ಸಾರೆಲ್ಲ ಹೊಗೆವಾಸನೆ. ಕಳಲೆಯನ್ನು ಎಂದಿನಂತೆ ಮೂರು ದಿನ ನೀರು ಬದಲಿಸುತ್ತ ನೆನೆಸಿ, ಅರಿಶಿನ, ಹಸಿಮೆಣಸು, ಜಜ್ಜಿದ ಮಜ್ಜಿಗೆಹುಲ್ಲಿನ ಬುಡ ಹಾಕಿ ಬೇಯಿಸಿ, ತೆಂಗಿನಹಾಲು ಸೇರಿಸಿದರೆ ಅದೇ ‘ಮಾಸಾಕ್ ಲೆಮಾಕ್ ರೆಬುಂಗ್’. ಹಾಲು ಹಾಕಿದ ಮೇಲೆ ಮರಳಿಸದೆ ಕುದಿ ಬರುವಷ್ಟರಲ್ಲಿ ಇಳಿಸಿ.

ರೋಟಿ ಚನಾಯ್‌ಗೆ ಅರ್ಧ ಕಿಲೋ ಮೈದಾ, 2 ದೊಡ್ಡ ಚಮಚ ತುಪ್ಪ, 2 ದೊಡ್ಡ ಚಮಚ ಕಂಡೆನ್ಸ್ಡ್ ಮಿಲ್ಕ್, ಒಂದೂವರೆ ಚಮಚ ಉಪ್ಪು, ಸುಮಾರು 270 ಎಂಎಲ್ ನೀರು. 10 ನಿಮಿಷ ನಾದಿ, ಕಾಲು ಗಂಟೆ ಬಿಟ್ಟು ಮತ್ತೆ ನಾದಿ, 10 ಉಂಡೆ ಮಾಡಿ ಎಣ್ಣೆ ಧಾರಾಳವಾಗಿ ಸವರಿ 6 ಗಂಟೆ ಮುಚ್ಚಿಡಿ. ಮಳೆಗಾಲದ ಥಂಡಿಯಲ್ಲಿ ಉಂಡೆ ಬಿಗಿದುಕೊಂಡು ಎಳೆದರೆ ಹರಿಯುತ್ತದೆ, ಒಲೆಯ ಪಕ್ಕ ಅರ್ಧ ಗಂಟೆ ಇಡಿ. ಗಾಳಿಯಲ್ಲಿ ಬೀಸುವುದು ಬರದಿದ್ದರೆ ಎಣ್ಣೆ ಸವರಿದ ಕಲ್ಲಿನ ಮೇಲೆ ಅಂಚು ಹಿಡಿದು ಸುತ್ತಲೂ ಎಳೆದರೂ ಸಾಕು, ಕೆಳಗಿನ ಕಲ್ಲು ಕಾಣುವಷ್ಟು ತೆಳ್ಳಗಾಗಬೇಕು. ಚೌಕಕ್ಕೆ ಮಡಚಿ ಬೇಯಿಸಿ, ಕಾವಲಿಯಿಂದ ತೆಗೆದ ಕೂಡಲೇ ಎರಡು ಕೈಗಳ ನಡುವೆ ಚಪ್ಪಾಳೆಯಂತೆ ತಟ್ಟಿ, ಪದರ ಬಿಡಿಸಿಕೊಳ್ಳುತ್ತದೆ. ಆರಿದ ಮೇಲೆ ತಟ್ಟಿದರೆ ಮುರಿಯುತ್ತದಷ್ಟೆ.

ಜೊತೆಗೆ ತೇ ತಾರಿಕ್: 300 ಎಂಎಲ್ ನೀರಿಗೆ 3 ಚಮಚ ಚಹಾಪುಡಿ, 5 ನಿಮಿಷ ಕುದಿಸಿ, ಸೋಸಿ, 4 ದೊಡ್ಡ ಚಮಚ ಕಂಡೆನ್ಸ್ಡ್ ಮಿಲ್ಕ್ ಕಲಸಿ. ಹಾಲು ಸೇರಿದ ಮೇಲೆ ಒಲೆಗೆ ಇಡಬಾರದು. ಒಂದು ಚೊಂಬಿನಿಂದ ಇನ್ನೊಂದಕ್ಕೆ ಮೊದಲು ಒಂದು ಗೇಣು ಎತ್ತರದಿಂದ, ಆಮೇಲೆ ಕೈಯುದ್ದಕ್ಕೆ ಏರಿಸುತ್ತ ಐದಾರು ಸಲ ಎತ್ತಿ ಹೊಯ್ದರೆ ಎರಡು ಲೋಟದ ತುಂಬ ನೊರೆ.