ಕಛೇರಿ ಇಲ್ಲದ ತಿಂಗಳಲ್ಲೂ ಸಂಗೀತದಿಂದಲೇ ಮನೆ ನಡೆಯಬೇಕಾದರೆ

ಮದುವೆ ಕಛೇರಿ, ಆರ್ಕೆಸ್ಟ್ರಾ, ಪಕ್ಕವಾದ್ಯ ಇವನ್ನೇ ನಂಬಿದವರಿಗೆ ಆಷಾಢ, ಪಿತೃಪಕ್ಷ, ಧನುರ್ಮಾಸ ಬಂತೆಂದರೆ ಕೈ ಬರಿದು. ರಾಮನವಮಿ, ಗಣೇಶನ ಹಬ್ಬ, ನವೆಂಬರ್‌ನ ರಾಜ್ಯೋತ್ಸವದ ಹೊತ್ತಿಗೆ ಒಂದೇ ಸಂಜೆಗೆ ಮೂರು ಕಡೆಯಿಂದ ಫೋನ್ ಬರುತ್ತದೆ, ಹೋಗಲಾಗುವುದು ಒಂದಕ್ಕೆ. ಗಂಟಲು ಕಟ್ಟಿದರೆ, ಮಣಿಕಟ್ಟು ನೋಯತೊಡಗಿದರೆ ಅದೂ ಇಲ್ಲ. ವೇದಿಕೆ ಚೆನ್ನಾಗಿ ನಡೆಯುತ್ತಿರುವಾಗಲೇ ಇನ್ನೊಂದು ದುಡಿಮೆಯನ್ನು ಕಟ್ಟಿಕೊಳ್ಳಬೇಕು. ಕಾರ್ಯಕ್ರಮ ನಿಂತ ಮೇಲೆ ಹೊರಟರೆ, ಸಿಕ್ಕ ರೇಟಿಗೆ ಸಿಕ್ಕ ಕೆಲಸ ಒಪ್ಪಿಕೊಳ್ಳಬೇಕಾಗುತ್ತದೆ.

ಆಯ್ಕೆ ಮಾಡುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ವೇದಿಕೆ ನಿಂತ ದಿನ ಈ ಕೆಲಸವೂ ನಿಲ್ಲುತ್ತದೆಯೇ? ಆರ್ಕೆಸ್ಟ್ರಾದವರು ಸಾಲ ಮಾಡಿ ಸೌಂಡ್ ಸಿಸ್ಟಂ ಕೊಂಡು ಬಾಡಿಗೆಗೆ ಕೊಡಲು ಶುರು ಮಾಡುವುದುಂಟು. ಕಾರ್ಯಕ್ರಮ ಇಲ್ಲದ ತಿಂಗಳು ಆ ಸ್ಪೀಕರ್‌ಗಳೂ ಮೂಲೆಯಲ್ಲೇ ಇರುತ್ತವೆ, ಕಂತು ಮಾತ್ರ ಕಟ್ಟಲೇಬೇಕು. 2020ರ ಲಾಕ್‌ಡೌನ್‌ನಲ್ಲಿ ಎರಡೂ ಒಟ್ಟಿಗೆ ನಿಂತವು.

ಮೊದಲು ಕಳೆದ 12 ತಿಂಗಳ ಆದಾಯವನ್ನು ತಿಂಗಳುವಾರು ಬರೆಯಿರಿ. ತೀರಾ ಕಡಿಮೆ ಬಂದ 3 ತಿಂಗಳ ಸರಾಸರಿ ತೆಗೆಯಿರಿ. ಮನೆಖರ್ಚಿಗೂ ಆ ಸರಾಸರಿಗೂ ಇರುವ ಅಂತರವೇ ನಿಮ್ಮ ಗುರಿ. ಅದು 18,000 ರೂಪಾಯಿ ಇದ್ದರೆ, ತಿಂಗಳಿಗೆ 1,500 ಕೊಡುವ 12 ವಿದ್ಯಾರ್ಥಿಗಳು ಸಾಕು.

ಪಾಠ

ಬಹುತೇಕರಿಗೆ ಬೇಗ ಕೈಹಿಡಿಯುವುದು ಇದೇ. ಸೀನಿಯರ್ ಅಥವಾ ವಿದ್ವತ್ ಪರೀಕ್ಷೆ ಅರ್ಧಕ್ಕೆ ಬಿಟ್ಟಿದ್ದರೆ ಮುಗಿಸಿಕೊಳ್ಳಿ. ಆಕಾಶವಾಣಿ ಆಡಿಷನ್‌ಗೂ ಅರ್ಜಿ ಹಾಕಿ. ಬಿ, ಬಿ-ಹೈ, ಎ, ಟಾಪ್ ಎಂಬ ಶ್ರೇಣಿಗಳಲ್ಲಿ ಬಿ ಸಿಕ್ಕರೂ ಪೋಷಕರು ಅದಕ್ಕೆ ಬೆಲೆ ಕೊಡುತ್ತಾರೆ. ಶಾಲೆಯಲ್ಲಿ ಸಂಬಳದ ಕೆಲಸ ಬೇಕೆಂದರೆ ಸಾಮಾನ್ಯವಾಗಿ ಸಂಗೀತದ ಪದವಿಯನ್ನೇ ಕೇಳುತ್ತಾರೆ.

ಫೀಸು ತಿಂಗಳಿಗೆ ಇಷ್ಟು ಎಂದು ಮುಂಗಡವಾಗಿಯೇ ತೆಗೆದುಕೊಳ್ಳಿ. ಕ್ಲಾಸಿಗೆ ಇಷ್ಟು ಎಂದು ಲೆಕ್ಕ ಹಾಕಿದರೆ ಪರೀಕ್ಷೆ, ಬೇಸಿಗೆ ರಜೆ ಬಂದಾಗ ಆದಾಯ ಅರ್ಧಕ್ಕಿಳಿಯುತ್ತದೆ. ಹಿಂದಿನ ದಿನವೇ ತಿಳಿಸಿದರೆ ಮಾತ್ರ ಬೇರೆ ದಿನ ಪಾಠ, ಇಲ್ಲವಾದರೆ ಆ ಕ್ಲಾಸ್ ಹೋದಂತೆ. ಈ ಮಾತನ್ನು ಸೇರುವ ದಿನವೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ. ಆಮೇಲೆ ಹೇಳಿದರೆ ಮುನಿಸಾಗುತ್ತದೆ.

ಹೊರದೇಶದ ಕನ್ನಡ ಮನೆಗಳ ಮಕ್ಕಳಿಗೆ ಆನ್‌ಲೈನ್ ಪಾಠ ಮಾಡುವವರು ಗಡಿಯಾರ ನೋಡಿಕೊಳ್ಳಬೇಕು. ಇಲ್ಲಿನ ಬೆಳಗಿನ 5:30 ಎಂದರೆ ನ್ಯೂಜೆರ್ಸಿಯಲ್ಲಿ ಬೇಸಿಗೆಯಲ್ಲಿ ಹಿಂದಿನ ದಿನದ ರಾತ್ರಿ 8. ನವೆಂಬರ್‌ನಿಂದ ಮಾರ್ಚ್‌ವರೆಗೆ ಅದೇ 7 ಆಗುತ್ತದೆ. ಯಾರ ಗಡಿಯಾರ ಸ್ಥಿರ ಎಂದು ಮೊದಲೇ ಗೊತ್ತುಮಾಡದಿದ್ದರೆ ನವೆಂಬರ್‌ನಲ್ಲಿ ಒಂದು ವಾರ ಪೂರ್ತಿ ಗೊಂದಲ. ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಆನ್ ಮಾಡಿ, ಶಿಷ್ಯರಿಗೂ ಮಾಡಲು ಹೇಳಿ. ಇಲ್ಲದಿದ್ದರೆ ಒಂದೇ ಸಮನೆ ಮೊಳಗುವ ತಂಬೂರಿಯನ್ನು ಆ್ಯಪ್ ಫ್ಯಾನಿನ ಸದ್ದೆಂದು ತಿಳಿದು ಅಳಿಸಿಹಾಕುತ್ತದೆ, ದೀರ್ಘ ಸ್ವರವೂ ನಡುವೆ ಕತ್ತರಿಸಿಹೋಗುತ್ತದೆ. ದನಿ ತಲುಪುವುದು ತಡವಾಗುವುದರಿಂದ ಜೊತೆಯಾಗಿ ಹಾಡಿಸಲು ಹೋಗಬೇಡಿ. ಶ್ರುತಿ ಮಗುವಿನ ಕಡೆಯಲ್ಲೇ ಮೊಳಗಲಿ, ತಾಳವನ್ನೂ ಮಗುವೇ ಹಾಕಲಿ. ನೀವು ಒಂದು ಆವರ್ತ ಹಾಡಿ ಮೈಕ್ ಮ್ಯೂಟ್ ಮಾಡಿ ಕೇಳಿಸಿಕೊಳ್ಳಿ. ಸರಳೆ, ಜಂಟಿ, ಅಲಂಕಾರ ಎಂಬ ಆರಂಭದ ಪಾಠಗಳವರೆಗೆ ಇದು ಸಾಕು. ಆ ಕ್ಷಣಕ್ಕೆ ಹೊಳೆದಂತೆ ಹಾಡುವ ಮನೋಧರ್ಮಕ್ಕೆ ಬಂದಮೇಲೆ ರಜೆಯಲ್ಲಿ ಊರಿಗೆ ಬಂದಾಗ ಎದುರು ಕೂರಿಸಿಯೇ ಕಲಿಸಬೇಕು.

ಮನೆಯಿಂದ ಟ್ರ್ಯಾಕ್ ಕಳಿಸುವುದು

ಸ್ಟುಡಿಯೊದವರ ಹಾಡಿಗೆ ನಿಮ್ಮ ಭಾಗವನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸುವ ಕೆಲಸ ಇದು. ಕೊಳಲು, ಪಿಟೀಲು, ವೀಣೆ ನುಡಿಸುವವರಿಗೆ, ಕೋರಸ್ ಹಾಡುವವರಿಗೆ ಒಳ್ಳೆಯ ದಾರಿ. ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಎರಡು ಇನ್‌ಪುಟ್‌ನ ಆಡಿಯೊ ಇಂಟರ್ಫೇಸ್, ಒಂದು ಕಂಡೆನ್ಸರ್ ಮೈಕ್, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಸಾಕು. ತೆರೆದ ಹೆಡ್‌ಫೋನ್ ಬೇಡ, ಲಯಕ್ಕಾಗಿ ಕೇಳಿಸಿಕೊಳ್ಳುವ ಕ್ಲಿಕ್ಕಿನ ಸದ್ದು ಮೈಕಿಗೆ ಸೋರುತ್ತದೆ. ಬಟ್ಟೆ ತುಂಬಿದ ಬೀರುವಿರುವ ಕೋಣೆ ಆರಿಸಿ, ಫ್ಯಾನ್ ನಿಲ್ಲಿಸಿ. ‘ಗುಂಯ್’ ಎನ್ನುವ ಸದ್ದು ಬಂದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಬೇಕು.

ಕೆಲಸ ಒಪ್ಪಿಕೊಂಡ ಕೂಡಲೇ ಹಾಡಿನ ಶ್ರುತಿ, ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್ ಎಂಬ ವೇಗ), ಸ್ಯಾಂಪಲ್ ರೇಟ್ (ಸೆಕೆಂಡಿಗೆ ದನಿಯನ್ನು ಎಷ್ಟು ಸಲ ಅಳೆದು ದಾಖಲಿಸುತ್ತದೆ ಎಂಬುದು) ಕೇಳಿ. ಸಿನಿಮಾ, ಧಾರಾವಾಹಿಗೆ ಸಾಮಾನ್ಯವಾಗಿ 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ನೀವು 44.1ರಲ್ಲಿ ಮಾಡಿದ ಫೈಲನ್ನು ಅವರು ಬದಲಾಯಿಸಿಕೊಳ್ಳದೆ 48ರ ಪ್ರಾಜೆಕ್ಟ್‌ಗೆ ಎಳೆದರೆ ವೇಗ ಹೆಚ್ಚುತ್ತದೆ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನದಷ್ಟು ಮೇಲೇರುತ್ತದೆ. ಕೀಬೋರ್ಡ್‌ನ ‘ಎ’ ಸ್ವರ 440 ಹರ್ಟ್ಸ್‌ಗೆ ನಿಂತಿರುತ್ತದೆ, ನೀವು ಅದಕ್ಕೇ ಕೂಡಿಸಿಕೊಳ್ಳಬೇಕು. ಬಿದಿರಿನ ಕೊಳಲು ಬೆಚ್ಚಗಾದಂತೆ ಶ್ರುತಿ ಏರುತ್ತದೆ, ಆದ್ದರಿಂದ ಹತ್ತು ನಿಮಿಷ ಊದಿ ಆಮೇಲೆ ಟ್ಯೂನರ್ ನೋಡಿ. ಮೈಕನ್ನು ಊದುವ ರಂಧ್ರದ ನೇರಕ್ಕೆ ಇಡದೆ, ಅಡಿ ಒಂದೂವರೆ ಅಡಿ ದೂರದಲ್ಲಿ ತುಸು ಮೇಲಿನಿಂದ ಬಗ್ಗಿಸಿ ಇಡಿ. ನೇರ ಇಟ್ಟರೆ ನಾದಕ್ಕಿಂತ ಗಾಳಿಯೇ ಹೆಚ್ಚು ಬೀಳುತ್ತದೆ. ಗಟ್ಟಿಯಾಗಿ ನುಡಿಸುವ ಕಡೆಯಲ್ಲೂ ರೆಕಾರ್ಡಿಂಗ್ ಮೀಟರ್ ಮೈನಸ್ 6 ಡಿಬಿ ದಾಟದಿರಲಿ.

ಕಳಿಸುವಾಗ ರಿವರ್ಬ್ (ದನಿಗೆ ಸೇರಿಸುವ ಮಾರ್ದನಿ) ಹಾಕಬೇಡಿ, ಹಾಕಿದ್ದನ್ನು ಮಿಕ್ಸ್ ಮಾಡುವವರು ತೆಗೆಯಲಾಗದು. ನೀವು ನುಡಿಸುವ ತುಣುಕು ಎರಡನೇ ಚರಣದಲ್ಲಿದ್ದರೂ ಫೈಲ್ ಹಾಡಿನ ಸೊನ್ನೆಯಿಂದಲೇ ಶುರುವಾಗಲಿ. ಹೊಸಬರು ಆ ತುಣುಕನ್ನಷ್ಟೇ ಕತ್ತರಿಸಿ ಕಳಿಸುತ್ತಾರೆ, ಅದನ್ನು ಕೂರಿಸಲು ಅಲ್ಲಿ ಅರ್ಧ ಗಂಟೆ ಹೋಗುತ್ತದೆ. ಅಂಥವರಿಗೆ ಮರುಕರೆ ಬರುವುದು ಕಡಿಮೆ. ಅರ್ಧ ಹಣ ಮೊದಲೇ, ಎರಡು ತಿದ್ದುಪಡಿ ಉಚಿತ, ಮೂರನೆಯದಕ್ಕೆ ಬೇರೆ ಹಣ ಎಂದು ಮೊದಲೇ ಹೇಳಿಬಿಡಿ.

ಹಕ್ಕಿನ ಹಣ

ಇದು ನಿಧಾನದ ಆದಾಯ, ಆದರೆ ಮಲಗಿದ್ದಾಗಲೂ ಬರುವಂಥದ್ದು. ರಾಗ ಸಂಯೋಜನೆ ಮಾಡುವವರು, ಸಾಹಿತ್ಯ ಬರೆಯುವವರು, ಹಾಡಿನ ರಾಯಧನ ಸಂಗ್ರಹಿಸಿ ಹಂಚುವ ಸಂಸ್ಥೆಯಾದ ಐಪಿಆರ್‌ಎಸ್‌ನ ಸದಸ್ಯರಾಗಿ ಪ್ರತಿ ಹಾಡನ್ನೂ ಪಾಲಿನ ಶೇಕಡಾವಾರಿನೊಂದಿಗೆ ನೋಂದಾಯಿಸಬೇಕು. ಸದಸ್ಯತ್ವ ಪಡೆದು ಹಾಡು ನೋಂದಾಯಿಸದಿದ್ದರೆ ಹಣ ನಿಮ್ಮ ಹೆಸರಿಗೆ ಬಂದು ಸೇರದು. 2012ರ ಕಾನೂನು ತಿದ್ದುಪಡಿಯ ನಂತರ, ಸಿನಿಮಾಕ್ಕೆ ಬರೆದ ಸಾಹಿತ್ಯ, ಸಂಗೀತ ಚಿತ್ರಮಂದಿರದಾಚೆ ಬಳಕೆಯಾದಾಗ ಬರುವ ಸಮಪಾಲು ರಾಯಧನವನ್ನು ಕರ್ತೃವಿನಿಂದ ಬರೆಸಿಕೊಳ್ಳಲು ನಿರ್ಮಾಪಕರಿಗೆ ಬರುವುದಿಲ್ಲ. ‘ಎಲ್ಲ ಹಕ್ಕೂ ಶಾಶ್ವತವಾಗಿ’ ಎಂಬ ಒಪ್ಪಂದ ಕಂಡರೆ ಇದನ್ನು ನೆನಪಿಡಿ. ಹಾಡುವವರಿಗೆ, ನುಡಿಸುವವರಿಗೆ ಇರುವ ಇಂಥದೇ ಸಂಸ್ಥೆ ಇಸಾಮ್ರಾ.

ಕನ್ನಡದಲ್ಲಿ ಒಂದು ಅನುಕೂಲವಿದೆ. ವಚನ, ದಾಸರ ಪದಗಳ ಸಾಹಿತ್ಯ ಯಾರ ಸ್ವತ್ತೂ ಅಲ್ಲ. ನಿಮ್ಮದೇ ಧಾಟಿ ಹಾಕಿದರೆ ಆ ಸಂಗೀತ ನಿಮ್ಮದು. ಭಾವಗೀತೆಯ ವಿಷಯ ಬೇರೆ. ಕವಿ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಕುವೆಂಪು 1994ರಲ್ಲಿ. ಅವರ ಕವಿತೆಗಳಿಗೆ 2041, 2054ರ ಕೊನೆಯವರೆಗೆ ಅನುಮತಿ ಬೇಕು. ಜನಪ್ರಿಯ ಧಾಟಿಯಲ್ಲೇ ಹಾಡಿದರೆ ಆ ಸಂಯೋಜಕರದ್ದೂ ಬೇಕು. ಅನುಮತಿ ಇಲ್ಲದೆ ಯೂಟ್ಯೂಬ್‌ಗೆ ಹಾಕಿದ ವಿಡಿಯೊ ಎಷ್ಟೇ ಓಡಿದರೂ ಹಣ ಬೇರೆಯವರಿಗೆ ಹೋಗಬಹುದು.

ಕಂಪನಿಗಳು ಸಂಭಾವನೆಯಲ್ಲಿ ಟಿಡಿಎಸ್ (ಮೊದಲೇ ಹಿಡಿಯುವ ಆದಾಯ ತೆರಿಗೆ) ಮುರಿದುಕೊಂಡು ಕೊಡುತ್ತವೆ. ತೆರಿಗೆ ಬೀಳದಷ್ಟು ಕಡಿಮೆ ಆದಾಯವಿದ್ದರೂ ರಿಟರ್ನ್ಸ್ ಸಲ್ಲಿಸಿ, ಹಣ ವಾಪಸ್ ಬರುತ್ತದೆ. ನಾಳೆ ಗೃಹಸಾಲಕ್ಕೆ ಬ್ಯಾಂಕು ಕೇಳುವುದೂ ಅದೇ ಕಾಗದವನ್ನು.

ಪಾಠ ಹೆಚ್ಚಿದಂತೆ ಮೊದಲು ಸವೆಯುವುದು ಗಾಯಕರ ಗಂಟಲು. ಮಕ್ಕಳ ಶ್ರುತಿ ನಿಮ್ಮದಕ್ಕಿಂತ ಮೇಲಿರುತ್ತದೆ, ಗಂಟೆಗಟ್ಟಲೆ ಅಲ್ಲೇ ಹಾಡಿ ತೋರಿಸಿದರೆ ಸಂಜೆ ಕಛೇರಿಯಲ್ಲಿ ತಾರಸ್ಥಾಯಿ ಕೈಕೊಡುತ್ತದೆ. ಮಾದರಿ ಪಾಠಗಳನ್ನು ಒಮ್ಮೆ ರೆಕಾರ್ಡ್ ಮಾಡಿ ಕೊಡಿ, ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಹಾಡಿಸಬೇಡಿ, ನಿಮ್ಮ ಸ್ವಂತ ಅಭ್ಯಾಸವು ಪಾಠಕ್ಕಿಂತ ಮೊದಲೇ ಮುಗಿದಿರಲಿ. ಕಛೇರಿಯ ದಿನ ಪಾಠ ಇಟ್ಟುಕೊಳ್ಳಬೇಡಿ.